ಕಾಜಲ್ ಎಸೆದ ಕಲ್ಲು

ಸತ್ಯಜಿತ್ ರಾಯ್ ಅವರ ‘ಅಪುರ್ ಸಂಸಾರ್’ ನೋಡಿದವರು ಹೆಚ್ಚಾಗಿ ಅಪು ಮತ್ತು ಅಪರ್ಣೆಯ ಮಾತೆತ್ತುತ್ತಾರೆ. ರೈಲುಹಳಿಯ ಪಕ್ಕದ ಮಹಡಿ ಕೋಣೆ, ಕಿಟಕಿಯ ಹರಿದ ಪರದೆ, ಹಾಸಿಗೆಯಲ್ಲಿ ಸಿಗುವ ಹೇರ್‌ಪಿನ್ನು, ಸಿಗರೇಟು ಪ್ಯಾಕಿನೊಳಗೆ ಹೆಂಡತಿ ಬರೆದಿಟ್ಟ ಚೀಟಿ. ಶರ್ಮಿಳಾ ಟ್ಯಾಗೋರ್ ಮತ್ತು ಸೌಮಿತ್ರ ಚಟರ್ಜಿ ಇಬ್ಬರಿಗೂ ಅದು ಮೊದಲ ಸಿನಿಮಾ, ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ. ಭಾರತದ ಸಿನಿಮಾದಲ್ಲಿ ಗಂಡ ಹೆಂಡತಿಯ ಸಲಿಗೆಯನ್ನು ಅಷ್ಟು ಚೆನ್ನಾಗಿ ಯಾರೂ ತೋರಿಸಿಲ್ಲ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ನನ್ನ ಮಟ್ಟಿಗೆ ಆ ಸಿನಿಮಾ ಶುರುವಾಗುವುದೇ ಅಪರ್ಣೆ ಸತ್ತ ಮೇಲೆ.

ಹೆರಿಗೆಗೆಂದು ತವರಿಗೆ ಹೋದವಳು ಅಲ್ಲೇ ತೀರಿಕೊಳ್ಳುತ್ತಾಳೆ. ಮಗು ಉಳಿಯುತ್ತದೆ. ಸುದ್ದಿ ತಂದ ಭಾವಮೈದುನನಿಗೆ ಅಪು ಹೊಡೆದುಬಿಡುತ್ತಾನೆ. ಆಮೇಲೆ ಊರೂರು ಅಲೆಯುತ್ತಾನೆ, ಬರೆಯುತ್ತಿದ್ದ ಕಾದಂಬರಿಯ ಹಾಳೆಗಳನ್ನು ಬೆಟ್ಟದ ಮೇಲಿಂದ ಗಾಳಿಗೆ ಬಿಡುತ್ತಾನೆ, ಕೊನೆಗೆ ಎಲ್ಲೋ ದೂರದ ಕಲ್ಲಿದ್ದಲ ಗಣಿಯಲ್ಲಿ ಕೆಲಸಕ್ಕೆ ಸೇರುತ್ತಾನೆ. ಮಗ ಕಾಜಲನಿಗಾಗಿ ದುಡ್ಡು ಕಳಿಸುತ್ತಾನೆ, ಮುಖ ಮಾತ್ರ ನೋಡುವುದಿಲ್ಲ. ಹಳೆಯ ಗೆಳೆಯ ಪುಲು ಹುಡುಕಿಕೊಂಡು ಬಂದಾಗ ಅಪು ಹೇಳುವ ಕಾರಣ ಕ್ರೂರವಾದದ್ದು: ಕಾಜಲ್ ಇದ್ದಾನೆ, ಅದಕ್ಕೇ ಅಪರ್ಣೆ ಇಲ್ಲ. ಅಂಥ ಮಾತನ್ನು ನಾಯಕನ ಬಾಯಲ್ಲಿ ಆಡಿಸಿ, ಆಮೇಲೂ ಅವನನ್ನು ನಮ್ಮವನನ್ನಾಗಿ ಉಳಿಸಿಕೊಳ್ಳುವ ಧೈರ್ಯ ಬೇಕು.

ಐದು ವರ್ಷದ ಮೇಲೆ ಗಡ್ಡ ಬಿಟ್ಟ ಅಪು ಮಾವನ ಮನೆಗೆ ಬರುತ್ತಾನೆ. ಮಗ ಅಷ್ಟರಲ್ಲಿ ಯಾರ ಅಂಕೆಗೂ ಸಿಗದೆ ಬೆಳೆದಿದ್ದಾನೆ, ಹಕ್ಕಿ ಹೊಡೆಯುತ್ತಾನೆ, ಮುಖವಾಡ ಹಾಕಿಕೊಂಡು ಜನರನ್ನು ಹೆದರಿಸುತ್ತಾನೆ. ನಿನ್ನ ಅಪ್ಪ ನಾನೇ ಅಂದವನ ಕಡೆಗೆ ಅವನು ಕಲ್ಲು ಎಸೆಯುತ್ತಾನೆ. ನಮ್ಮ ಕಾಲದ ಬೇರೆ ಸಿನಿಮಾಗಳಲ್ಲಾದರೆ ಅಷ್ಟು ಹೊತ್ತಿಗೆ ವಾದ್ಯಗಳೆಲ್ಲ ಒಟ್ಟಿಗೆ ಎದ್ದು, ಹುಡುಗ ‘ಅಪ್ಪಾ’ ಎಂದು ಓಡಿಬಂದು ಅಪ್ಪಿಕೊಳ್ಳಬೇಕಿತ್ತು. ಕಲ್ಲು ಎಸೆಯುವುದೇ ಸರಿ ಎಂದು ನನಗೆ ಗೊತ್ತಿತ್ತು. ನಾನೂ ಕಾಜಲನ ಹಾಗೆ ಅಮ್ಮನ ತವರಿನಲ್ಲಿ, ಅಪ್ಪ ಎಂಬವರು ಎಲ್ಲೋ ದೊಡ್ಡ ಪಟ್ಟಣದಲ್ಲಿ ಇದ್ದಾರೆ ಎಂದು ಕೇಳುತ್ತ ಬೆಳೆದವನು.

ನಮ್ಮದು ಕುಂದಾಪುರ ಮತ್ತು ಬೈಂದೂರಿನ ನಡುವಿನ ಒಂದು ಹಳ್ಳಿ. ಅಪ್ಪಯ್ಯ ಬೊಂಬಾಯಿಯಲ್ಲಿ, ಮಾಟುಂಗದ ಕಡೆಯ ಒಂದು ಹೋಟೆಲಿನಲ್ಲಿ ಇದ್ದರು. ನಮ್ಮ ಕರಾವಳಿಯಲ್ಲಿ ಇದೇನೂ ವಿಶೇಷದ ಕತೆಯಲ್ಲ. ಮನೆಗೊಬ್ಬರಾದರೂ ಬೊಂಬಾಯಿಯ ಹೋಟೆಲಿನಲ್ಲಿ ಇದ್ದೇ ಇರುತ್ತಿದ್ದರು. ಮೀಸೆ ಮೂಡುವ ಮೊದಲೇ ಬಸ್ಸು ಹತ್ತಿ ಹೋಗುವುದು, ಕಪ್ಪು ಬಸಿ ತೊಳೆಯುವುದು, ಟೇಬಲು ಒರೆಸುವುದು, ಆಮೇಲೆ ಸಪ್ಲಾಯರು, ಪುಣ್ಯವಿದ್ದರೆ ಕಡೆಗಾಲಕ್ಕೆ ಗಲ್ಲದಲ್ಲಿ ಕೂರುವುದು. ಓದುವ ಆಸೆಯಿದ್ದವರು ಅಲ್ಲಿನ ಕನ್ನಡ ರಾತ್ರಿ ಶಾಲೆಗಳಿಗೆ ಹೋಗುತ್ತಿದ್ದರು. ಅಪ್ಪಯ್ಯ ಹೋದವರಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ ಎರಡು ಟೇಬಲು ಜೋಡಿಸಿ ಅದರ ಮೇಲೇ ಮಲಗುತ್ತಿದ್ದರಂತೆ. ಆಗ ಕೊಂಕಣ ರೈಲು ಇರಲಿಲ್ಲ. ಅದು ಪೂರ್ತಿ ಓಡಿದ್ದು 1998ರಲ್ಲಿ. ಊರಿಗೆ ಬರುವುದೆಂದರೆ ಹಗಲೂ ರಾತ್ರಿ ಬಸ್ಸಿನಲ್ಲಿ ಕೂತು ಮೈಯೆಲ್ಲ ಜಜ್ಜಿಸಿಕೊಳ್ಳುವುದು. ಎರಡು ವರ್ಷಕ್ಕೊಮ್ಮೆ ಬಂದರೆ ಬಂದರು.

ಉಳಿದಂತೆ ನನ್ನ ಪಾಲಿಗೆ ಅಪ್ಪಯ್ಯ ಎಂದರೆ ಮನಿಯಾರ್ಡರು. ಅಂಚೆಯಣ್ಣ ಜಗಲಿಯಲ್ಲಿ ಕೂತು ನೋಟು ಎಣಿಸುತ್ತಿದ್ದ, ಅಮ್ಮಮ್ಮ ಅವನಿಗೆ ಬೆಲ್ಲ ನೀರು ಕೊಡುತ್ತಿದ್ದಳು, ಅಮ್ಮ ಸಹಿ ಹಾಕುತ್ತಿದ್ದಳು. ಫಾರಮಿನ ಕೆಳಗೆ ಹರಿದು ಕೊಡುವ ಚೂರಿನಲ್ಲಿ ನಾಲ್ಕು ಸಾಲು ಬರೆಯುವಷ್ಟು ಜಾಗ. ‘ನಾನು ಕ್ಷೇಮ. ಹಣ ಮುಟ್ಟಿದ್ದಕ್ಕೆ ಬರೆಯುವುದು. ಮಾಣಿಗೆ ಓದಲು ಹೇಳುವುದು.’ ಪ್ರತಿಸಲವೂ ಇಷ್ಟೇ. ಅಕ್ಷರ ಕೂಡ ಅವರದಲ್ಲ, ಹೋಟೆಲಿನ ರೈಟರದು ಎಂದು ಆಮೇಲೆ ತಿಳಿಯಿತು.

ಅವರನ್ನು ಕಂಡ ಮೊದಲ ನೆನಪು ಒಂದು ಬೇಸಿಗೆಯದು. ‘ಅಪ್ಪಯ್ಯ ಬಂದ್ರ್, ಬಾ’ ಎಂದು ಕರೆದಾಗ ನಾನು ಹುಲ್ಲುಕುತ್ರಿಯ ಹಿಂದೆ ಅಡಗಿದ್ದೆ. ಮಾವ ಎಳೆದು ತಂದು ನಿಲ್ಲಿಸಿದರು. ಕಬ್ಬಿಣದ ಟ್ರಂಕು, ಅದರೊಳಗಿಂದ ಎದ್ದ ಬೇರೆ ಥರದ ಸೋಪಿನ ವಾಸನೆ, ಹಾಳೆಯ ಹಾಗೆ ತೆಳ್ಳಗಿದ್ದ ಮಾಹಿಮ್ ಹಲ್ವ. ಆಮೇಲೆ ಒಂದು ನೀಲಿ ಅಂಗಿ. ಅಂಗಿ ನನ್ನ ಭುಜಕ್ಕೇ ಏರಲಿಲ್ಲ. ಹಿಂದಿನ ಸಲ ಬಂದಾಗ ಕಂಡ ಮಗುವಿನ ಅಳತೆ ಕಣ್ಣಲ್ಲಿಟ್ಟುಕೊಂಡು, ಅದಕ್ಕೆ ಅಂದಾಜಿನ ಮೇಲೆ ಒಂದಿಷ್ಟು ಸೇರಿಸಿ ತಂದಿದ್ದರು. ಅಂದಾಜು ಸಾಲದೆ ಹೋಗಿತ್ತು. ಮುಂದೆ ಅವರು ತಂದ ಅಂಗಿಗಳೂ ಹೀಗೇ, ಎಲ್ಲ ಮಾವನ ಕಿರಿಯ ಮಗನ ಪಾಲಾದವು. ಆ ರಾತ್ರಿ ಅಮ್ಮನ ಪಕ್ಕ ಮಲಗಿ ನಾನು ಕೇಳಿದೆನಂತೆ: ‘ಇವ್ರ್ ಯಾವಾಗ ಹೋತ್ರ್?’ ಜಗಲಿಯಲ್ಲಿ ಮಲಗಿದ್ದವರಿಗೆ ಕೇಳಿಸಿತು ಎಂದು ಅಮ್ಮ ಹೇಳುತ್ತಾಳೆ, ಇಲ್ಲ ಎಂದು ಅಮ್ಮಮ್ಮ ವಾದಿಸುತ್ತಿದ್ದಳು.

ಅಪು ಕೂಡ ಕಾಜಲನಿಗೆ ಒಂದು ಆಟದ ರೈಲು ತರುತ್ತಾನೆ. ಕಣ್ಣಿಂದ ಒಮ್ಮೆಯೂ ನೋಡದ ಮಗನಿಗೆ. ‘ಪಥೇರ್ ಪಾಂಚಾಲಿ’ಯಲ್ಲಿ ಅಕ್ಕ ದುರ್ಗೆಯ ಜೊತೆ ಕಾಶಹೂವಿನ ಬಯಲಿನಲ್ಲಿ ಓಡಿ ರೈಲು ಕಂಡ ಹುಡುಗ ಅಪು. ತನಗೆ ಆ ವಯಸ್ಸಿನಲ್ಲಿ ಏನು ಆಸೆಯಿತ್ತೋ ಅದನ್ನೇ ಮಗನಿಗೆ ಕೊಂಡು ತಂದಿದ್ದಾನೆ. ಹುಡುಗನಿಗೆ ಅದು ಬೇಡ. ವಿಮರ್ಶಕರು ರೈಲಿನ ಸಂಕೇತದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ, ಇರಲಿ. ಅಳತೆ ತಪ್ಪಿದ ಅಂಗಿ ಹಾಕಿಕೊಂಡವರಿಗೆ ಅದು ಅಷ್ಟೆಲ್ಲ ವಿವರಿಸದೆಯೂ ತಿಳಿಯುತ್ತದೆ.

ಅಪ್ಪಯ್ಯ ಬೊಂಬಾಯಿ ಬಿಟ್ಟು ಬಂದದ್ದು ಎಂಬತ್ತರ ದಶಕದ ಕೊನೆಗೆ. ಮಂಡಿನೋವು ಒಂದು, ಹೋಟೆಲು ಕೈಬದಲಾದದ್ದು ಇನ್ನೊಂದು. ಅಷ್ಟರಲ್ಲಿ ನಾವು ಬೇರೆ ಸಣ್ಣ ಮನೆ ಮಾಡಿಕೊಂಡಿದ್ದೆವು, ನಾನು ಕಾಲೇಜಿನಲ್ಲಿದ್ದೆ. ಬಂದ ಕೆಲವೇ ದಿನಕ್ಕೆ ಅವರು ನನ್ನ ಬದುಕಿನ ತೀರ್ಮಾನ ಮಾಡಿ ಹೇಳಿದರು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲು ಹಾಕುವುದು, ಅಡುಗೆ ಅವರು ನೋಡಿಕೊಳ್ಳುವುದು, ನಾನು ಗಲ್ಲದಲ್ಲಿ ಕೂರುವುದು. ನಾನು ಮೈಸೂರಿಗೆ ಎಂಎ ಓದಲು ಹೋಗುವವನಿದ್ದೆ. ಮಾತಿಗೆ ಮಾತು ಬೆಳೆಯಿತು. ‘ಅಪ್ಪನಾಗಿ ನಿಮಗೆ ಒಟ್ಟು ಎಷ್ಟು ತಿಂಗಳ ಸರ್ವೀಸಾಗಿದೆ?’ ಎಂದು ಕೇಳಿಬಿಟ್ಟೆ.

ಅದು ನನ್ನ ಕಲ್ಲು. ಈಗಲೂ ಆ ಪ್ರಶ್ನೆಯನ್ನು ನಾನು ಪೂರ್ತಿ ಹಿಂದಕ್ಕೆ ತೆಗೆದುಕೊಳ್ಳಲಾರೆ. ಹೊಟ್ಟೆಪಾಡಿಗೆ ದೂರ ಹೋದವರ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಕನಿಕರವಿದೆ, ಇರಬೇಕಾದ್ದೇ. ಅವರಿಲ್ಲದೆ ಬೆಳೆದ ಮಕ್ಕಳಿಗೂ ಒಂದು ಲೆಕ್ಕ ಇರುತ್ತದೆ ಎನ್ನುವುದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆಮೇಲೆ ನಾವಿಬ್ಬರೂ ಮಾತು ಬಿಟ್ಟೆವು. ಮಾತು ಬಿಡುವುದೆಂದರೆ ಸಿನಿಮಾದಲ್ಲಿ ತೋರಿಸುವಂತೆ ಬಾಗಿಲು ಬಡಿದು ಹೋಗುವುದಲ್ಲ. ರಜೆಗೆ ಬಂದಾಗ ಒಂದೇ ಮನೆಯಲ್ಲಿ ಉಣ್ಣುತ್ತಿದ್ದೆವು, ಒಂದೇ ಬಾವಿಕಟ್ಟೆಯಲ್ಲಿ ಮೀಯುತ್ತಿದ್ದೆವು. ಎಲ್ಲ ಅಮ್ಮನ ಮೂಲಕ ನಡೆಯುತ್ತಿತ್ತು. ‘ಪೇಪರ್ ಓದಿ ಆಯ್ತಾ ಅಂತ ಅಪ್ಪಯ್ಯನತ್ರ ಕೇಣ್’ ಎಂದು ನಾನು, ಎರಡು ಮೊಳ ದೂರದಲ್ಲಿ ಕೂತವರ ಕುರಿತು. ‘ಅವನಿಗೆ ಬಸ್ಸಿಗೆ ದುಡ್ಡ್ ಬೇಕಾ ಕೇಣ್’ ಎಂದು ಅವರು, ಹಲಸಿನ ಮರದ ಕಡೆ ಮುಖ ಮಾಡಿ. ಅಮ್ಮ ಮೊದಮೊದಲು ಅತ್ತಳು, ಆಮೇಲೆ ಬೈದಳು, ಕೊನೆಗೆ ಅಭ್ಯಾಸ ಮಾಡಿಕೊಂಡಳು. ಈಚೆಗೆ ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ನೋಡುವಾಗ ಇದು ನೆನಪಾಯಿತು. ಮರೆವಿನ ಕಾಯಿಲೆಯ ವೆಂಕೋಬರಾಯರೂ ಮಗ ಶಿವನೂ ಅಷ್ಟು ದೂರವಾಗಿರುವ ಆ ಸಿನಿಮಾದಲ್ಲಿ ತಾಯಿ ತೀರಿಕೊಂಡಿದ್ದಾಳೆ. ನಡುವೆ ಮಾತು ಸಾಗಿಸುವವಳೇ ಇಲ್ಲ. ಅನಂತನಾಗ್ ಅವರ ಮುಖದ ಆ ಗಲಿಬಿಲಿಗೆ ನಾನು ಅತ್ತೆ. ಆದರೆ ನನ್ನ ಸಿನಿಮಾ ಬೇರೆ.

1992ರ ಏಪ್ರಿಲ್ 23ರಂದು ಸತ್ಯಜಿತ್ ರಾಯ್ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲಷ್ಟೇ ಆಸ್ಪತ್ರೆಯ ಹಾಸಿಗೆಯಲ್ಲಿ ಆಸ್ಕರ್ ಹಿಡಿದುಕೊಂಡ ಅವರ ಚಿತ್ರ ಎಲ್ಲ ಪತ್ರಿಕೆಗಳಲ್ಲಿ ಬಂದಿತ್ತು. ಆ ಬೇಸಿಗೆ ದೂರದರ್ಶನದಲ್ಲಿ ಅವರ ಸಿನಿಮಾಗಳು ಬಂದವು. ನಮ್ಮಲ್ಲಿ ಇದ್ದದ್ದು ಕಪ್ಪುಬಿಳುಪಿನ ಸಣ್ಣ ಟೀವಿ, ಕಪ್ಪುಬಿಳುಪಿನ ಸಿನಿಮಾಕ್ಕೆ ಅಷ್ಟರ ಮಟ್ಟಿಗೆ ಮೋಸವಾಗಲಿಲ್ಲ. ‘ಅಪುರ್ ಸಂಸಾರ್’ ಬಂದ ದಿನ ಅಪ್ಪಯ್ಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಬಂಗಾಳಿ ಬಾರದು, ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಓದಲಾರರು. ಆದರೂ ಎದ್ದು ಹೋಗಲಿಲ್ಲ. ಅಮ್ಮ ನಡುವೆ ಕೂತಿದ್ದಳು. ನಾನು ಅವಳಿಗೆ ಅರ್ಥ ಹೇಳುತ್ತಿದ್ದೆ, ಅಂದರೆ ಅವರಿಗೆ.

ಗಣಿಯ ದೃಶ್ಯ ಬಂದಾಗ ಅಪ್ಪಯ್ಯ ಟೀವಿಯ ಕಡೆಯೇ ನೋಡುತ್ತ ಕೇಳಿದರು: ‘ಅವ ದುಡ್ಡ್ ಕಳ್ಸ್ತಿದ್ದ ಅಲ್ದಾ? ಆ ಮಾಣಿಗೆ ಅದನ್ನ್ ಯಾರೂ ಹೇಳ್ಲಿಲ್ಯಾ?’

ಅಮ್ಮ ನನ್ನ ಮುಖ ನೋಡಿದಳು. ನಾನು ಸಿನಿಮಾದ ಅರ್ಥ ಹೇಳುವುದನ್ನು ಸ್ವಲ್ಪ ಹೊತ್ತು ಮರೆತೆ.

ಕೊನೆಯ ಭಾಗ ಗೊತ್ತಿದ್ದವರಿಗೆ ಗೊತ್ತು. ಹಟಮಾರಿ ಹುಡುಗನ ಮೇಲೆ ಅಜ್ಜ ಕೋಲು ಎತ್ತುತ್ತಾನೆ, ಅಪು ತಡೆಯುತ್ತಾನೆ. ಆದರೂ ಮಗ ಹತ್ತಿರ ಬರುವುದಿಲ್ಲ. ಸೋತು ಹೊರಟ ಅಪು ತಿರುಗಿ ನೋಡಿದರೆ ದೂರದಲ್ಲಿ ಕಾಜಲ್ ನಿಂತಿದ್ದಾನೆ. ನೀನು ಯಾರು ಎಂದು ಕೇಳುತ್ತಾನೆ. ಅಪು ಈ ಸಲ ಅಪ್ಪ ಎನ್ನುವುದಿಲ್ಲ, ಗೆಳೆಯ ಎನ್ನುತ್ತಾನೆ. ನನ್ನನ್ನು ಕಲ್ಕತ್ತೆಗೆ, ಅಪ್ಪನ ಹತ್ತಿರ ಕರೆದುಕೊಂಡು ಹೋಗುತ್ತೀಯಾ ಎಂದರೆ ಹೂಂ ಎನ್ನುತ್ತಾನೆ. ಹುಡುಗ ಓಡಿ ಬರುತ್ತಾನೆ, ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಪು ನಡೆಯುತ್ತಾನೆ. ಹಿಂದೆ ಅಜ್ಜ ಆ ಬೇಡವಾದ ರೈಲು ಹಿಡಿದು ನಿಂತಿದ್ದಾನೆ. ಇಡೀ ಸಿನಿಮಾದಲ್ಲಿ ಮಗ ಇವನನ್ನು ಅಪ್ಪ ಎಂದು ಒಪ್ಪುವುದೇ ಇಲ್ಲ. ಅಪ್ಪ ಕಲ್ಕತ್ತೆಯಲ್ಲಿದ್ದಾನೆ, ಈತ ಅಲ್ಲಿಗೆ ದಾರಿ ತೋರಿಸುವ ಗಡ್ಡದವ, ಅಷ್ಟೆ. ಅಪ್ಪ ಮಗ ಒಂದಾದರು ಎಂದು ನಾವು ಕಣ್ಣೊರೆಸಿಕೊಳ್ಳುತ್ತೇವೆ. ಹುಡುಗ ಒಪ್ಪಿದ್ದು ಅವನ ಗೆಳೆತನವನ್ನು ಮಾತ್ರ. ಅಪ್ಪನ ಪಟ್ಟ ಪಕ್ಕಕ್ಕಿಟ್ಟದ್ದರಿಂದಲೇ ಅವನಿಗೆ ಮಗ ದಕ್ಕಿದ.

ವಿಭೂತಿಭೂಷಣ ಬಂದ್ಯೋಪಾಧ್ಯಾಯರ ಮೂಲ ಕಾದಂಬರಿ ‘ಅಪರಾಜಿತೊ’ ಹೀಗೆ ಮುಗಿಯುವುದಿಲ್ಲ. ಅಲ್ಲಿ ಅಪು ಮಗನನ್ನು ತನ್ನ ಹುಟ್ಟೂರು ನಿಶ್ಚಿಂದಿಪುರಕ್ಕೆ ಕರೆತಂದು, ಬಾಲ್ಯದಲ್ಲಿ ಜೊತೆಗಿದ್ದ ರಾಣುದೀದಿಯ ಹತ್ತಿರ ಬಿಟ್ಟು, ತಾನು ದೂರದೇಶಕ್ಕೆ ಹೊರಟುಬಿಡುತ್ತಾನೆ. ಇನ್ನೊಮ್ಮೆ ಅಪ್ಪನಿಲ್ಲದ ಮನೆ. ಅಲೆಮಾರಿ ಮನಸ್ಸಿನ ಕಾದಂಬರಿಕಾರನಿಗೆ ಅದೇ ಸಹಜ ಅನ್ನಿಸಿರಬೇಕು. ರಾಯ್ ಅದನ್ನು ಬದಲಾಯಿಸಿದರು. ಯಾಕೆ ಎನ್ನುವುದಕ್ಕೆ ಕಲೆಯ ಕಾರಣಗಳು ಇದ್ದೇ ಇರುತ್ತವೆ. ನನಗೆ ಮಾತ್ರ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ರಾಯ್ ಅವರ ತಂದೆ ಸುಕುಮಾರ್ ರಾಯ್, ಬಂಗಾಳದ ಮಕ್ಕಳೆಲ್ಲ ಬಾಯಿಪಾಠ ಹೇಳುವ ಪದ್ಯಗಳ ಕವಿ, ತೀರಿಕೊಂಡದ್ದು 1923ರಲ್ಲಿ. ಆಗ ಸತ್ಯಜಿತ್‌ಗೆ ಎರಡೂವರೆ ವರ್ಷವೂ ತುಂಬಿರಲಿಲ್ಲ. ಅವರು ಬೆಳೆದದ್ದೂ ಅಮ್ಮನ ತವರಿನವರ ಆಸರೆಯಲ್ಲಿ. ತಂದೆಯ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡುವ ಹೊತ್ತಿಗೆ, 1987ರಲ್ಲಿ, ಅವರಿಗೆ ವಯಸ್ಸು ಅರವತ್ತೈದು ದಾಟಿತ್ತು. ಇನ್ನೊಂದು ಕಡೆ ವಿಭೂತಿಭೂಷಣರು 1950ರಲ್ಲಿ ಸತ್ತಾಗ ಅವರ ಮಗ ತಾರಾದಾಸ್ ಮೂರು ವರ್ಷದ ಕೂಸು. ಆ ಕೂಸು ದೊಡ್ಡದಾಗಿ ಲೇಖಕನಾಗಿ, ಅಪ್ಪನ ಕತೆಯನ್ನು ಮುಂದುವರಿಸಿ ‘ಕಾಜಲ್’ ಎಂಬ ಕಾದಂಬರಿಯನ್ನೇ ಬರೆಯಿತು. ನೆನಪಿನಲ್ಲೂ ಸರಿಯಾಗಿ ಸಿಗದ ಅಪ್ಪಂದಿರ ಇಬ್ಬರು ಮಕ್ಕಳು ಒಬ್ಬ ಕಾಲ್ಪನಿಕ ಹುಡುಗನ ಎರಡು ಕೈ ಹಿಡಿದುಕೊಂಡಂತೆ ನನಗೆ ಕಾಣುತ್ತದೆ.

ಸಿನಿಮಾ ಮುಗಿದ ಮೇಲೆ ಅಪ್ಪಯ್ಯ ಕುರ್ಚಿಯಿಂದ ಎದ್ದು, ಮಂಡಿ ಒತ್ತಿಕೊಳ್ಳುತ್ತ, ಅವರ ಮಟ್ಟಿಗೆ ಮುಖ್ಯವಾದ ಪ್ರಶ್ನೆ ಕೇಳಿದರು: ‘ಕಲ್ಕತ್ತದಂಗೆ ಆ ಮಾಣಿಗೆ ಅನ್ನ ಬೇಯ್ಸಿ ಹಾಕುದ್ ಯಾರ್?’ ನನಗೆ ನಗು ಬಂತು. ವಿಮರ್ಶಕರು ಯಾರೂ ಕೇಳದ ಪ್ರಶ್ನೆ ಅದು. ಅಪುವಿಗೆ ಅಡುಗೆ ಬರುತ್ತದೆಯೇ? ಅಪರ್ಣೆ ಬರುವ ಮೊದಲು ಆ ಮಹಡಿ ಕೋಣೆಯಲ್ಲಿ ಅವನು ಏನು ತಿನ್ನುತ್ತಿದ್ದ?

ನಾವು ಅವತ್ತು ಮಾತಾಡಲು ಶುರುಮಾಡಿದೆವು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಹಾಗೇನೂ ಆಗಲಿಲ್ಲ. ಸಿನಿಮಾ ನೋಡಿ ಮನುಷ್ಯರು ಬದಲಾಗುತ್ತಾರೆ ಎನ್ನುವುದು ಸಿನಿಮಾದವರು ಹಬ್ಬಿಸಿದ ಸುದ್ದಿ. ಅಪ್ಪಯ್ಯ ಅಂಗಳಕ್ಕೆ ಹೋಗಿ ಬಟ್ಟೆ ಒಳಗೆ ತಂದರು, ನಾನು ರಜೆ ಮುಗಿಸಿ ಮೈಸೂರಿಗೆ ಹೋದೆ.

ಅದಾಗಿ ಎರಡು ಮಳೆಗಾಲ ಕಳೆದ ಮೇಲೆ ಅಮ್ಮನಿಗೆ ಹೊಟ್ಟೆಯ ಆಪರೇಶನ್ ಆಯಿತು. ಚಿಕ್ಕಮ್ಮ ಆಸ್ಪತ್ರೆಯಲ್ಲಿ ಜೊತೆಗಿದ್ದಳು. ಮನೆಯಲ್ಲಿ ಉಳಿದವರು ನಾವಿಬ್ಬರು, ನಡುವೆ ಮಾತು ಸಾಗಿಸಲು ಯಾರೂ ಇಲ್ಲ. ಮೊದಲ ದಿನ ಬೆಳಿಗ್ಗೆ ನಾನು ಆಸ್ಪತ್ರೆಯಿಂದ ಬಂದು ಕೈಕಾಲು ತೊಳೆದು ಊಟದ ಮೇಜಿನ ಹತ್ತಿರ ಕೂತೆ. ಅಡುಗೆಮನೆಯಲ್ಲಿ ಕಾವಲಿಯ ಸದ್ದು. ಅಪ್ಪಯ್ಯ ಹೊರಗೆ ಬಂದರು. ನನ್ನನ್ನು ನೋಡಿದರು. ಏನೋ ಹೇಳಬೇಕು, ಹೇಗೆ ಎಂದು ತಿಳಿಯುತ್ತಿಲ್ಲ ಎನ್ನುವುದು ಅವರ ಕುತ್ತಿಗೆಯಲ್ಲೇ ಕಾಣುತ್ತಿತ್ತು. ಆಮೇಲೆ ಹೆಗಲ ಮೇಲಿದ್ದ ಬೈರಾಸು ತೆಗೆದು ಮೇಜನ್ನು ಒಂದೇ ಎಳೆತಕ್ಕೆ ಒರೆಸಿದರು. ನೀರಿನ ಲೋಟ ಇಟ್ಟರು. ಗೋಡೆ ನೋಡುತ್ತ, ಉಸಿರು ತೆಗೆಯದೆ, ನಾನು ಈ ಮೊದಲು ಕೇಳಿಯೇ ಇರದ ಒಂದು ದನಿಯಲ್ಲಿ ಶುರು ಮಾಡಿದರು:

‘ಇಡ್ಲಿ, ವಡೆ, ಇಡ್ಲಿ ವಡೆ, ಸಾದಾ, ಮಸಾಲೆ, ಸೆಟ್ಟು, ಉಪ್ಪಿಟ್ಟು, ಶೀರಾ, ಪೂರಿ ಬಾಜಿ, ಬನ್ಸು. ಎಂತ ಬೇಕಾಯ್ತ್?’

ಆ ದನಿಗೆ ಲಯವಿತ್ತು, ಅವಸರವಿತ್ತು, ಗಿರಾಕಿಯ ಮುಖ ನೋಡದೆಯೂ ಅವನನ್ನು ಅಳೆಯುವ ಒಂದು ಬಗೆಯ ಜಾಣತನವಿತ್ತು. ಅಷ್ಟು ವರ್ಷ ಬೊಂಬಾಯಿಯಲ್ಲಿ ಊರಿನ ಯಾರೂ ಕಾಣದ ಒಬ್ಬ ಮನುಷ್ಯ ಇದ್ದನಲ್ಲ, ಅವನು ನಮ್ಮ ಮೇಜಿನ ಪಕ್ಕ ನಿಂತಿದ್ದ. ಅಪ್ಪಯ್ಯನ ಜೊತೆ ನನಗೆ ಜಗಳವಿತ್ತು. ಈ ಸಪ್ಲಾಯರ ಜೊತೆ ಏನಿತ್ತು?

‘ಒಂದು ಮಸಾಲೆ’ ಎಂದೆ.

‘ಒಂದ್ ಮಸಾಲೇ...’ ಎಂದು ಅಡುಗೆಮನೆಯ ಕಡೆಗೆ ಕೂಗಿದರು. ಅಲ್ಲಿ ಯಾರೂ ಇರಲಿಲ್ಲ. ತಾವೇ ಒಳಗೆ ಹೋದರು. ಬಂದದ್ದು ನೀರುದೋಸೆ. ‘ಮಸಾಲೆ ಖಾಲಿ’ ಎಂದರು. ನಾನು ‘ಮತ್ತೆ ಹೇಳುವುದು ಯಾಕೆ?’ ಎಂದು ರೇಗಿದೆ, ಗಿರಾಕಿಗಳು ರೇಗುವಂತೆ. ‘ಬೋರ್ಡಂಗೆ ಇತ್ತ್ ಮರಾಯ್ರೆ, ಅಡುಗೆಯಂಗೆ ಇಲ್ಲೆ’ ಎಂದರು. ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

ಅಮ್ಮ ಬರುವ ತನಕ ಹೀಗೇ ನಡೆಯಿತು. ನಾನು ಚಟ್ನಿಗೆ ಉಪ್ಪು ಕಡಿಮೆ ಎಂದು ದೂರುತ್ತಿದ್ದೆ, ಅವರು ‘ಸೇಟುಗಳ ಹತ್ರ ಹೇಳ್ತೆ’ ಎನ್ನುತ್ತಿದ್ದರು. ಸೇಟು ಯಾರು ಎಂದರೆ ಆಸ್ಪತ್ರೆಯ ಕಡೆ ಕೈ ತೋರಿಸುತ್ತಿದ್ದರು. ನಡುನಡುವೆ ಆ ಸಪ್ಲಾಯರು ತನ್ನ ಕತೆ ಹೇಳುತ್ತಿದ್ದ. ಮೊದಲ ವರ್ಷ ಬಿಸಿನೀರಿಗೆ ಬೆರಳ ಸಂದಿಯೆಲ್ಲ ಕೊಳೆತದ್ದು, ಅವಲಕ್ಕಿ ಕದ್ದು ತಿಂದು ಸಿಕ್ಕಿಬಿದ್ದದ್ದು, ಪ್ರತಿ ಭಾನುವಾರ ಬಂದು ಎರಡು ಇಡ್ಲಿ ತಿಂದು ಹೋಗುತ್ತಿದ್ದ ಒಬ್ಬ ಗುಜರಾತಿ ಮುದುಕನಿಗೆ ತಾನು ಎಂದೂ ಕೇಳದೆ ಮೂರನೆಯದು ಹಾಕುತ್ತಿದ್ದದ್ದು. ‘ಊರಂಗೆ ಒಬ್ಬ ಮಗ ಇದ್ದ’ ಎಂದೂ ಒಮ್ಮೆ ಹೇಳಿದ. ‘ಅವನ ಅಳತೆ ಸಿಕ್ಕತಿರ್ಲಿಲ್ಲೆ.’ ನಾನು ಕಾಫಿ ಹೇಳಿದೆ.

ಅಮ್ಮ ಮನೆಗೆ ಬಂದ ದಿನ ಅವಳನ್ನು ಮಂಚಕ್ಕೆ ಒರಗಿಸಿ ಕೂರಿಸಿದ್ದಾಯಿತು. ಅಪ್ಪಯ್ಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟ ಲೆಕ್ಕ ತಂದು ಅವಳ ಮುಂದೆ ಹಿಡಿದರು. ‘ನಿನ್ ಮಗನ ಬಾಕಿ ನೂರ ಎಪ್ಪತ್ತ್ ರೂಪಾಯಿ ಇತ್ತ್, ಕೊಡ್ಲಿಕ್ಕೆ ಹೇಳ್’ ಎಂದರು.

‘ಅವರ ಹತ್ರ ಹೇಳು, ಮಸಾಲೆ ಅಂತ ಬರೆದು ನೀರುದೋಸೆ ಕೊಟ್ಟಿದ್ದಾರೆ. ಆ ದುಡ್ಡು ಕೊಡುವುದಿಲ್ಲ’ ಎಂದೆ.

ಅಮ್ಮ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, ‘ನನ್ನನ್ನ್ ನಗಿಸ್ಬೇಡಿ, ನೋವಾತ್ತ್. ನೀವೇ ಮಾತಾಡ್ಕಣಿ’ ಎಂದಳು.